ದವಾಖಾನೆ ಪಲ್ಯ

ಬೆಳಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಕಾಂದಿವಲಿ ಸ್ಟೇಷನ್ನಿನ ತೂಕದ ಯಂತ್ರ ಸಿದ್ದರಾಮಪ್ಪನಿಗೆ ನೂರಾ ತೊಂಬತ್ತೊಂದು ಪೌಂಡು ಎಂದು ಚೀಟಿ ಕೊಟ್ಟಿತು. ಅದು ೧೯೫೫ರ ಮೇ ಒಂದನೆಯ ತಾರೀಖು, ಭಾನುವಾರ. ಮೂರು ವಾರದ ಹಿಂದೆ ಇದೇ ಯಂತ್ರ ನೂರಾ ಎಂಬತ್ತೆಂಟು ಎಂದಿತ್ತು. ನಡುವಿನ ಮೂರು ವಾರ ಮನೆಯಲ್ಲಿ ಅವನಿಗಾಗಿ ಎಣ್ಣೆ ಇಲ್ಲದ ಬಟಾಟೆ ಪಲ್ಯ ಮಾಡುತ್ತಿದ್ದರು.

ಜೊತೆಗೆ ಹೋಗಿದ್ದ ಮಗಳು ಕಾಶವ್ವ ಚಾಳಿನ ಮೆಟ್ಟಿಲು ಹತ್ತಿ ಬಂದು, ಚೀಟಿಯನ್ನು ಅಣ್ಣನ ಹೆಂಡತಿ ಚಂದ್ರವ್ವನ ಕೈಗೆ ಕೊಟ್ಟಳು. ಅವಳಿಗೆ ಹದಿನಾಲ್ಕು ವರ್ಷ. ಹುಟ್ಟಿದ್ದು, ಬೆಳೆದದ್ದು ಎರಡೂ ಮುಂಬಯಿಯಲ್ಲಿ.

"ವೈನಿ, ತೀನ್ ಪೌಂಡ್ ಜಾಸ್ತಿ."

"ಸರಿಯಾಗಿ ನೋಡಿದೇನ?"

"ಮಶೀನ್ ಝೂಟ್ ಬೋಲ್ತಾ ಹೈ ಕ್ಯಾ? ಅಪ್ಪ ಎರಡು ಸಲ ಹತ್ತಿ ನಿಂತ್ರು. ಎರಡು ಆಣೆ ಹೋತು."

ಒಳಖೋಲಿಯಲ್ಲಿ ರೊಟ್ಟಿ ಬಡಿಯುತ್ತಿದ್ದ ಸದ್ದು ನಿಂತಿತು. ಅತ್ತೆ ಬಸಲಿಂಗವ್ವ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು.

"ಏನವಾ, ನಿನ್ನ ದವಾಖಾನಿ ಪಲ್ಯಾ ಏನಂತೈತಿ? ಏರಿತೋ ಇಳೀತೋ?"

ಚಂದ್ರವ್ವ ಚೀಟಿಯನ್ನು ಮಡಚಿ ಸೆರಗಿನ ತುದಿಗೆ ಕಟ್ಟಿಕೊಂಡಳು. ಹೊರಗೆ ಗ್ಯಾಲರಿಯಲ್ಲಿ ಮುಖಕ್ಷೌರ ಮಾಡಿಕೊಳ್ಳುತ್ತಿದ್ದ ಅವಳ ಗಂಡ ದಾನಪ್ಪ ಕನ್ನಡಿಯಿಂದ ಕಣ್ಣು ತೆಗೆಯದೆ ಹೇಳಿದ:

"ಹಗುರ ಪಲ್ಯಾ ಅಂದಿ. ಅಪ್ಪ ಭಾರ ಆದ್ರು. ಇನ್ನ ನೀ ಟ್ರಂಕ್ ಕಟ್ಟೂದ ಚಲೋ."

ಟ್ರಂಕಿನ ಮಾತು ಸುಮ್ಮನೆ ಬಂದದ್ದಲ್ಲ. ಸಿದ್ದರಾಮಪ್ಪನಿಗೆ ಐವತ್ತಾರು ವರ್ಷ. ಕಾಂದಿವಲಿಯ ಒಂದು ಬಣ್ಣದ ಕಾರ್ಖಾನೆಯ ಗೋದಾಮಿನಲ್ಲಿ ಕೆಲಸ. ಬಣ್ಣದ ಡಬ್ಬಗಳನ್ನು ಎಣಿಸುವುದರ ಜೊತೆ ಎತ್ತುವುದು ಇಳಿಸುವುದೂ ಅವನ ಪಾಲಿಗಿತ್ತು. ಮಾರ್ಚಿನಲ್ಲಿ ಬಲತೊಡೆಯ ಸಂದಿನಲ್ಲಿ ಗಂಟು ಕಾಣಿಸಿತು. ಕಾರ್ಖಾನೆಯ ಡಾಕ್ಟರು ಹರ್ನಿಯಾ ಎಂದು ಬರೆದುಕೊಟ್ಟರು. ಶಹರದ ಆಸ್ಪತ್ರೆಯ ಸರ್ಜನ್ ಅವನ ಹೊಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, ಇಷ್ಟು ಕೊಬ್ಬಿನ ಮೇಲೆ ಹೊಲಿಗೆ ನಿಲ್ಲುವುದಿಲ್ಲ, ನೂರಾ ಎಂಬತ್ತು ಪೌಂಡಿಗೆ ಇಳಿದು ಜೂನ್ ಇಪ್ಪತ್ತಕ್ಕೆ ಬಾ ಎಂದ. ಕಾರ್ಖಾನೆ ಜುಲೈ ಕೊನೆಯವರೆಗೆ ರಜೆ ಕೊಟ್ಟಿತು. ಆಗಸ್ಟ್ ಒಂದರಂದು ಫಿಟ್‌ನೆಸ್ ಸರ್ಟಿಫಿಕೇಟ್ ತೋರಿಸದಿದ್ದರೆ ನೌಕರಿ ಇಲ್ಲ. ನೌಕರಿ ಹೋದರೆ ಚಾಳಿನ ಎರಡು ಖೋಲಿಗಳೂ ಹೋದಂತೆ. ಅವು ಕಾರ್ಖಾನೆಯವು, ಕೆಲಸದಲ್ಲಿರುವವರಿಗೆ ಮಾತ್ರ.

ದಾನಪ್ಪ ಫೋರ್ಟಿನ ಒಂದು ಆಫೀಸಿನಲ್ಲಿ ಟೆಂಪರರಿ ಕಾರಕೂನ. ಪಗಡಿಯೆಂದು ಮಾಲೀಕರು ಮೊದಲೇ ಕೇಳುವ ದೊಡ್ಡ ಮೊತ್ತ ಕೊಟ್ಟು ಬೇರೆ ಖೋಲಿ ಹಿಡಿಯುವ ಶಕ್ತಿ ಅವನಿಗಿರಲಿಲ್ಲ. ಹಾಗಾದರೆ ಏನು ಮಾಡಬೇಕೆಂದು ಅವನು ಏಪ್ರಿಲಿನಲ್ಲೇ ತೀರ್ಮಾನಿಸಿಬಿಟ್ಟಿದ್ದ. ತಾನು ಮಾಟುಂಗದಲ್ಲಿ ಗೆಳೆಯರ ಖೋಲಿಗೆ, ಅಪ್ಪ ಅವ್ವ ತಂಗಿ ವಿಜಾಪುರದ ಕಡೆಯ ಇಂಡಿಗೆ, ಹೆಂಡತಿ ಮತ್ತು ನಾಲ್ಕು ವರ್ಷದ ಮಗಳು ಸೇವಂತಿ ಧಾರವಾಡದ ತವರಿಗೆ. "ಇನ್ನೊಂದು ಖೋಲಿ ಸಿಗೂತನಕ ಅಷ್ಟ" ಎಂದಿದ್ದ. ಚಂದ್ರವ್ವನ ಅಕ್ಕನಿಗೂ ಅವಳ ಗಂಡ ಹೀಗೆಯೇ ಹೇಳಿ ಕಳಿಸಿದ್ದ. ಅಕ್ಕ ತವರಿಗೆ ಬಂದು ಆರು ವರ್ಷವಾಗಿತ್ತು. ಆ ಗಂಡ ಪುಣೆಯಲ್ಲಿ ಇನ್ನೊಬ್ಬಳೊಡನೆ ಸಂಸಾರ ಹೂಡಿದ್ದ. ಆದ್ದರಿಂದ ಮಾವನ ಹೊಟ್ಟೆಯ ಹೆಚ್ಚಿನ ಪೌಂಡುಗಳು ಮಾವನಿಗಿಂತ ಸೊಸೆಗೆ ಭಾರವಾಗಿದ್ದವು.

ಬಸಲಿಂಗವ್ವನಿಗೆ ಆ ಚಿಂತೆ ಇರಲಿಲ್ಲ. "ಖೋಲಿ ಹೋದ್ರ ಹೋತು. ಇಂಡ್ಯಾಗ ಮನಿ ಐತಿ, ಹೊಲ ಐತಿ. ಈ ಗೂಡಿನ್ಯಾಗ ನಳದ ಮುಂದ ಪಾಳಿ ಹಚ್ಚೂದರ ತಪ್ಪತೈತಿ" ಎಂದು ಗ್ಯಾಲರಿಯಲ್ಲಿ ನಿಂತು ನಾಲ್ಕು ಮಂದಿಗೆ ಕೇಳುವಂತೆ ಹೇಳುತ್ತಿದ್ದಳು.

ಸಿದ್ದರಾಮಪ್ಪನಿಗೆ ಎರಡು ಹೊತ್ತೂ ಜೋಳದ ರೊಟ್ಟಿ, ಬಟಾಟೆ ಪಲ್ಯ ಬೇಕು. ಬಸಲಿಂಗವ್ವನ ಪಲ್ಯಕ್ಕೆ ಕಾದ ಶೇಂಗಾ ಎಣ್ಣೆಯಲ್ಲಿ ಉಳ್ಳಾಗಡ್ಡಿ, ಬೆಳ್ಳುಳ್ಳಿ, ಕೆಂಪು ಖಾರ ಬೀಳುತ್ತಿದ್ದವು. ಬೆಂದ ಬಟಾಟೆಯನ್ನು ಅಂಗೈಯಲ್ಲಿ ಹಿಸುಕಿ ಅದಕ್ಕೆ ಹಾಕಿ, ಮೇಲೆ ಒಂದು ಹಿಡಿ ಶೇಂಗಾ ಪುಡಿ, ಅದರ ಮೇಲೆ ಇನ್ನೊಂದು ಸೌಟು ಎಣ್ಣೆ. ತಾಟನ್ನು ಓರೆ ಮಾಡಿದರೆ ಎಣ್ಣೆ ಒಂದು ಕಡೆಗೆ ಹರಿಯಬೇಕು. ಹರಿಯದಿದ್ದರೆ ಅದು ಅವಳ ಲೆಕ್ಕದಲ್ಲಿ ಪಲ್ಯವೇ ಅಲ್ಲ.

ಸರ್ಜನ್ ಹೇಳಿದ ಮಾತನ್ನು ಚಂದ್ರವ್ವ ಪಕ್ಕದ ಖೋಲಿಯ ಶೀಲಾವತಿಯ ಮುಂದೆ ಹೇಳಿಕೊಂಡಳು. ಶೀಲಾವತಿ ಉಡುಪಿ ಕಡೆಯವಳು. ಖೋಲಿ ಕಾರ್ಖಾನೆಯಲ್ಲಿದ್ದ ಅವಳ ಮೈದುನನ ಹೆಸರಿನಲ್ಲಿತ್ತು. ಗಂಡ ಮಾಟುಂಗದ ಹೋಟೆಲಿನಲ್ಲಿ, ಅವಳು ಶಹರದ ಒಂದು ಆಸ್ಪತ್ರೆಯ ಅಡುಗೆಮನೆಯಲ್ಲಿ.

"ಬಟಾಟೆ ಬಿಡ್ಲಿಕ್ಕೆ ಆಗುದಿಲ್ಲ ಅಂದ್ರೆ ಬಿಡುದು ಬೇಡ ಮಾರಾಯ್ತಿ. ಅರ್ಧ ಕದಿಯುವ" ಎಂದಳು.

"ಕದಿಯೂದು ಅಂದ್ರ?"

"ಅರ್ಧ ಬಟಾಟೆ, ಅರ್ಧ ದೂಧಿ. ನಮ್ಮಲ್ಲಿ ದೊಡ್ಡ ದೊಡ್ಡ ಸೇಟುಗಳು ತಿಂತಾರೆ. ಒಬ್ಬನಿಗಾದ್ರೂ ಗೊತ್ತಾಗಿದ್ರೆ ಕೇಳಿ."

ದೂಧಿಯೆಂದರೆ ಸೋರೆಕಾಯಿ. ಶೀಲಾವತಿ ಹೇಳಿದ ಕ್ರಮ ಹೀಗಿತ್ತು. ಬಟಾಟೆಯನ್ನು ಸಿಪ್ಪೆಯ ಸಮೇತ ಕುದಿಸಿ, ಕೈ ಸುಡುವಷ್ಟು ಬಿಸಿ ಇದ್ದಾಗಲೇ ಸುಲಿದು ಹಿಸುಕಬೇಕು, ಆರಿದರೆ ಅಂಟಾಗುತ್ತದೆ. ಸೋರೆಕಾಯಿಯನ್ನು ಹೆರೆದು ಹಬೆಯಲ್ಲಿ ಬೇಯಿಸಿ, ಬಟ್ಟೆಯಲ್ಲಿ ಕಟ್ಟಿ ನೀರು ಪೂರಾ ಹಿಂಡಬೇಕು. ಎರಡನ್ನೂ ಕೂಡಿಸಿ, ಸರಕಾರಿ ಹಾಲಿನ ಕೇಂದ್ರದ ಟೋನ್ಡ್ ಹಾಲನ್ನು ಕಾಯಿಸಿ ಕೆನೆ ತೆಗೆದು, ನಾಲ್ಕು ನಾಲ್ಕು ಚಮಚ ಹಾಕುತ್ತ ಮಗುಚಬೇಕು. ಸಾಸಿವೆಯನ್ನು ಎಣ್ಣೆಯಿಲ್ಲದೆ ಬರೀ ಬಿಸಿ ಕಬ್ಬಿಣದ ಸೌಟಿನಲ್ಲಿ ಸಿಡಿಸಬೇಕು. ಹುರಿದ ಜೀರಿಗೆ, ಮೆಣಸಿನಪುಡಿ, ಅರೆದ ಹಸಿಮೆಣಸು, ನಿಂಬೆರಸ. ಅಷ್ಟೆ.

ಮೊದಲ ದಿನ ಚಂದ್ರವ್ವ ಸೋರೆಕಾಯಿಯನ್ನು ಸಾಕಷ್ಟು ಹಿಂಡಲಿಲ್ಲ. ಪಲ್ಯ ಗಂಜಿಯಾಯಿತು. ಬಸಲಿಂಗವ್ವ ಪಾತ್ರೆಯೊಳಗೆ ಬಗ್ಗಿ ನೋಡಿದಳು.

"ಇದೇನ ಪಲ್ಯಾನೋ, ಗ್ವಾಡಿಗೆ ಹಚ್ಚೂ ಸುಣ್ಣಾನೋ?"

"ನಾಳೆ ಗಟ್ಟಿ ಮಾಡತೀನ್ರಿ."

"ಮೂವತ್ತ್ಮೂರು ವರ್ಷ ನನ್ನ ಕೈಯಾಗಿಂದು ಉಂಡು ಅವ್ರು ಸತ್ತಿಲ್ಲ. ನಿನ್ನ ಕೈಯಾಗಿಂದು ಉಂಡು ಬದಕಬೇಕೇನ?"

ಮೂರನೆಯ ದಿನ ಪಲ್ಯ ಸರಿಯಾಯಿತು. ಬೆಳ್ಳಗೆ, ಹೂವಿನಂತೆ ಅರಳಿ, ಸೌಟಿನಿಂದ ಜಾರದೆ ನಿಂತಿತು. ಸೇವಂತಿ ಎರಡು ಸಲ ಹಾಕಿಸಿಕೊಂಡಳು. ಅದೇ ಮಧ್ಯಾಹ್ನದಿಂದ ಬಸಲಿಂಗವ್ವ ತನ್ನ ಪಲ್ಯಕ್ಕೆ ಇನ್ನೊಂದು ಹಿಡಿ ಶೇಂಗಾ ಪುಡಿ ಹೆಚ್ಚು ಹಾಕತೊಡಗಿದಳು.

ಸಿದ್ದರಾಮಪ್ಪನ ಊಟಕ್ಕೆ ಒಂದು ಕಟ್ಟಳೆ ಇತ್ತು. ಊರ ಮಠದಲ್ಲಿ ದೀಕ್ಷೆ ಪಡೆದಂದಿನಿಂದ, ಲಿಂಗಪೂಜೆ ಮುಗಿಸಿ ತಾಟಿನ ಮುಂದೆ ಕೂತರೆ ಏಳುವವರೆಗೆ ಮಾತಿಲ್ಲ. ಬೇಕು ಎನ್ನುವುದಿಲ್ಲ, ಸಾಕು ಎನ್ನುವುದಿಲ್ಲ, ಕೈ ಅಡ್ಡ ಹಿಡಿಯುವುದಿಲ್ಲ. ತಾಟಿಗೆ ಬಿದ್ದದ್ದು ಪ್ರಸಾದ, ಅಗುಳೂ ಉಳಿಸುವಂತಿಲ್ಲ. ಉಂಡ ಮೇಲೆ ತಾಟಿಗೆ ನೀರು ಹಾಕಿ, ಬೆರಳಿನಿಂದ ಸುತ್ತ ತೊಳೆದು, ಆ ನೀರನ್ನೂ ಕುಡಿದು, ತಾಟು ಒರೆಸಿ ಬೋರಲು ಹಾಕುತ್ತಿದ್ದ. ಇಷ್ಟು ವರ್ಷ ಆ ತಾಟಿಗೆ ನೀಡಿದ್ದು ಒಂದೇ ಕೈ. ಎಷ್ಟು ನೀಡಬೇಕೆಂದು ಆ ಕೈಗೆ ಗೊತ್ತಿತ್ತು. ಈಗ ಕೈ ಎರಡಾಗಿದ್ದವು.

ಬಸಲಿಂಗವ್ವ ಮೊದಲು ನೀಡುತ್ತಿದ್ದಳು. ಅದರ ಪಕ್ಕದಲ್ಲಿ ಚಂದ್ರವ್ವ ತನ್ನದನ್ನು ನೀಡುತ್ತಿದ್ದಳು. ಮಾವ ಹಗುರದ್ದನ್ನೇ ಉಂಡು ಹೊಟ್ಟೆ ತುಂಬಿಸಿಕೊಳ್ಳಲಿ ಎಂದು ಎರಡು ಸೌಟು ಮೂರಾಯಿತು. ಸೊಸೆಯ ಕೈ ಮುಂದಾದದ್ದು ಕಂಡು ಅತ್ತೆಯ ಒಂದು ಸೌಟು ಎರಡಾಯಿತು. ಸಿದ್ದರಾಮಪ್ಪ ಎರಡನ್ನೂ ಉಂಡು, ನೀರು ಕುಡಿದು, ತಾಟು ಬೋರಲು ಹಾಕುತ್ತಿದ್ದ. ಹೀಗಿದ್ದರೂ ಇಬ್ಬರೂ ಹೆಂಗಸರು ಪ್ರತಿ ಹೊತ್ತೂ ಆ ಖಾಲಿ ತಾಟನ್ನು ತಂತಮ್ಮ ಗೆಲುವೆಂದೇ ಎಣಿಸಿದರು. ಅವನು ಯಾರು ಏನು ನೀಡಿದರೂ ಉಳಿಸುವವನಲ್ಲ ಎಂಬುದು ಇಬ್ಬರಿಗೂ ಗೊತ್ತಿದ್ದ ಸಂಗತಿ. ಹಟದಲ್ಲಿ ಇಬ್ಬರಿಗೂ ಮರೆತುಹೋಗಿತ್ತು.

ಆ ಭಾನುವಾರ ಚೀಟಿಯ ಸುದ್ದಿ ಚಾಳಿನಲ್ಲಿ ಹರಡಿ, ಹತ್ತು ಗಂಟೆಯ ಹೊತ್ತಿಗೆ ಶೀಲಾವತಿ ಬಂದಳು.

"ಆಗ್ಲಿಕ್ಕೇ ಸಾಧ್ಯ ಇಲ್ಲ. ಅವರು ಒಂದು ಹೊತ್ತಿಗೆ ಎಂತೆಲ್ಲ ತಿಂತಾರೆ?"

"ಎರಡು ರೊಟ್ಟಿ, ನನ್ನ ಪಲ್ಯಾ" ಎಂದಳು ಚಂದ್ರವ್ವ.

"ಎರಡು ರೊಟ್ಟಿ, ನನ್ನ ಪಲ್ಯಾ" ಎಂದು ಬಸಲಿಂಗವ್ವ ಒಳಗಿನಿಂದ ಕೂಗಿದಳು.

ಶಾಲೆಗೆ ರಜೆ ಇದ್ದುದರಿಂದ ಎರಡು ಹೊತ್ತೂ ಅಪ್ಪನ ಎದುರೇ ಉಣ್ಣುತ್ತಿದ್ದ ಕಾಶವ್ವ ನಕ್ಕಳು.

"ಅರೇ, ದೋನೋ! ಅವ್ವಂದು ಎರಡು ಸೌಟು, ವೈನಿದು ಮೂರು. ಅಪ್ಪ ಎಲ್ಲಾ ಖಲಾಸ್ ಮಾಡ್ತಾರ. ನಾ ರೋಜ್ ನೋಡ್ತೀನಿ."

"ನೋಡಿ ಬಾಯಿ ಮುಚಕೊಂಡು ಕೂತಿದ್ದೀ?" ಎಂದು ಚಂದ್ರವ್ವ ಅವಳ ಮೇಲೆ ಹರಿಹಾಯ್ದಳು.

"ನನ್ನ ಯಾರ್ ಕೇಳಿದ್ರು?"

ಶೀಲಾವತಿ ಎದ್ದಳು. "ನಾನು ಹೇಳಿದ್ದು ಆ ಪಲ್ಯದ ಬದ್ಲಿಗೆ ಇದು ಅಂತ. ಅದರ ಒಟ್ಟಿಗೆ ಇದು ಅಂತ ಅಲ್ಲ. ನನ್ನ ಹೆಸ್ರು ಎಲ್ಲಿಯೂ ಹೇಳ್ಬೇಡಿ" ಎಂದು ತನ್ನ ಖೋಲಿಗೆ ಹೋಗಿ ಬಾಗಿಲು ಹಾಕಿಕೊಂಡಳು.

ಚಂದ್ರವ್ವ ಅತ್ತೆಯ ಮುಂದೆ ಹೋಗಿ ನಿಂತಳು.

"ಅತ್ತಿ, ಕೈ ಮುಗೀತೀನಿ. ಜೂನ್ ಇಪ್ಪತ್ತರ ತನಕ ನೀವು ನೀಡೂದು ಬಿಡ್ರಿ."

"ನೀ ಬಿಡ."

"ನಂದ್ರಾಗ ಎಣ್ಣಿ ಇಲ್ಲರಿ."

"ಎಣ್ಣಿ ಇಲ್ಲ, ಖಾರ ಇಲ್ಲ, ರುಚಿ ಇಲ್ಲ. ಮೂರು ಸೌಟು ಸುಣ್ಣ ಸುರದು ನನಗ ಬಿಡು ಅಂತಾಳ. ನನ್ನ ಪಲ್ಯಾ ಉಂಡು ಇಷ್ಟು ವರ್ಷ ಏರಲಾರದ್ದು ನಿಂದು ಬಂದ ಮ್ಯಾಲ ಏರೈತಿ. ಚೀಟಿ ಹೇಳತೈತಿ, ನಾ ಅಲ್ಲ."

"ಖೋಲಿ ಹೋದ್ರ ನನಗ ಗತಿ ಏನ್ರಿ?"

"ತವರು ಐತೆಲ್ಲ. ನಿಮ್ಮ ಅಕ್ಕ ಜ್ವಾಡಿಗೆ ಅದಾಳ. ಇಬ್ರೂ ಕೂಡಿ ದವಾಖಾನಿ ಪಲ್ಯಾ ಮಾರ್ರಿ."

ಚಂದ್ರವ್ವ ಕೈಯಲ್ಲಿದ್ದ ಸೌಟನ್ನು ನೆಲಕ್ಕೆ ಅಪ್ಪಳಿಸಿದಳು. ಅದು ನೀರಿನ ಹಂಡೆಗೆ ತಾಗಿ ಸದ್ದಾಯಿತು. ಗ್ಯಾಲರಿಯಲ್ಲಿ ಎರಡು ಬಾಗಿಲು ತೆರೆದುಕೊಂಡವು.

ಮುಂದಿನ ವಾರ ನೂರಾ ತೊಂಬತ್ತೆರಡು.

ಸೊಸೆ ಮಾವನೊಡನೆ ನೇರ ಮಾತಾಡುವ ರೂಢಿ ಆ ಮನೆಯಲ್ಲಿ ಇರಲಿಲ್ಲ. ಚಂದ್ರವ್ವ ಕಾಶವ್ವನ ಕೈಲಿ ಹೇಳಿಸಿದಳು. ಗ್ಯಾಲರಿಯ ಬೆಂಚಿನ ಮೇಲೆ ಹರ್ನಿಯಾದ ಪಟ್ಟಿ ಬಿಗಿದುಕೊಂಡು ಕೂತಿದ್ದ ಸಿದ್ದರಾಮಪ್ಪ ಮಗಳ ಮಾತನ್ನು ಪೂರಾ ಕೇಳಿಸಿಕೊಂಡ.

"ಕೈ ಅಡ್ಡ ಹಿಡೀಬೇಕಂತ?"

"ಹಾಂ. ಅವ್ವ ನೀಡಾಕ ಬಂದಾಗ."

"ಮೂವತ್ತು ವರ್ಷ ಹಿಡದಿಲ್ಲ. ಈಗ ಹಿಡದ್ರ, ಯಾರ ಮುಂದ ಹಿಡೀತೀನಿ ಆಕಿ ಬಿಡತಾಳ ನನ್ನ? ನೀಡೂ ಮಂದಿ ತಿಳದು ನೀಡಬೇಕು. ತಾಟಿನ ಮುಂದ ಕೂತವಂದು ಏನೈತಿ?"

"ಅಪ್ಪಾ, ಆಪರೇಷನ್ ನಿಮ್ದು."

"ಜಗಳ ಅವರ್ದು" ಎಂದು ಅವನು ಎದ್ದು ಹೋದ.

ಹೆಂಡತಿ ಮಗಳನ್ನು ಕಳಿಸುತ್ತೇನೆಂದು ದಾನಪ್ಪ ಧಾರವಾಡಕ್ಕೆ ಒಂದು ಕಾರ್ಡು ಬರೆದ. ಬರೆದ ಮೇಲೆ ಹೆಂಡತಿಗೆ ಹೇಳಿದ. ಅವಳು ಮೂರು ದಿನ ಅವನೊಡನೆಯೂ ಅತ್ತೆಯೊಡನೆಯೂ ಮಾತು ಬಿಟ್ಟಳು. ಬಸಲಿಂಗವ್ವ ಬೇಕಾದ್ದನ್ನೆಲ್ಲ ಮೊಮ್ಮಗಳ ಮೂಲಕ ಹೇಳಿದಳು. "ಸೇವಂತೀ, ನಿಮ್ಮವ್ವಗ ನಳ ಬಂದೈತಿ ಅಂತ ಹೇಳು." "ಸೇವಂತೀ, ನಿಮ್ಮವ್ವನ ಪಾತೇಲಿ ನನ್ನ ಒಲಿ ಮ್ಯಾಲಿಂದ ತಗಿ ಅಂತ ಹೇಳು."

ಮೇ ಹದಿನಾಲ್ಕು, ಶನಿವಾರ. ಮಾತಿಲ್ಲದ ಮನೆಯಲ್ಲಿ ಇಬ್ಬರೂ ಬೇರೆ ಬೇರೆಯಾಗಿ ಒಂದೇ ತೀರ್ಮಾನಕ್ಕೆ ಬಂದಿದ್ದರು. ಚಂದ್ರವ್ವ ಎಣಿಸಿದ್ದು: ಅತ್ತೆ ಬಿಡುವವಳಲ್ಲ, ತಾನು ಬಿಟ್ಟರೆ ಮೂರು ಸೌಟಾದರೂ ಕಡಿಮೆಯಾಗುತ್ತದೆ. ಬಸಲಿಂಗವ್ವ ಎಣಿಸಿದ್ದು: ಒಂದು ದಿನ ರೊಟ್ಟಿ ಪಲ್ಯ ಎಲ್ಲ ಸೊಸೆಯೇ ಮಾಡಿ ಹಾಕಲಿ, ಬರೀ ಸಪ್ಪೆ ಉಂಡರೆ ಗಂಡನೇ ಬಾಯಿ ಬಿಡುತ್ತಾನೆ. ಚಂದ್ರವ್ವ ದಾನಪ್ಪನ ಊಟದ ಡಬ್ಬಿ ಕಳಿಸಿ, ಬಟ್ಟೆಯ ಗಂಟು ಹೊತ್ತು ಕೆಳಗಿನ ನಳಕ್ಕೆ ಹೋದಳು. ಕಾಶವ್ವ ಅಕ್ಕಿ ತರಲು ಅಂಗಡಿಗೆ ಹೋಗಿದ್ದಳು. ಬಸಲಿಂಗವ್ವ ಗ್ಯಾಲರಿಯಲ್ಲಿ ಮೊರ ಇಟ್ಟುಕೊಂಡು ಬೇಳೆ ಆರಿಸುತ್ತ ಕೂತಳು.

ಹನ್ನೆರಡೂವರೆಗೆ ಸಿದ್ದರಾಮಪ್ಪ ಪೂಜೆ ಮುಗಿಸಿ ತಾಟಿನ ಮುಂದೆ ಕೂತ.

ಚಂದ್ರವ್ವ ಒದ್ದೆ ಬಟ್ಟೆ ಹೊತ್ತು ಮೇಲೆ ಬಂದಾಗ ಒಂದು ಗಂಟೆ ದಾಟಿತ್ತು. ಬಾಗಿಲಲ್ಲಿ ನಿಂತು ನೋಡಿದಳು. ಒಲೆ ಹೊತ್ತಿರಲಿಲ್ಲ. ಸಿದ್ದರಾಮಪ್ಪ ಚರಿಗೆಯಿಂದ ಬರೀ ತಾಟಿಗೆ ನೀರು ಹಾಕಿಕೊಂಡು, ಬೆರಳಿನಿಂದ ಸುತ್ತ ತೊಳೆದು, ಎತ್ತಿ ಕುಡಿದ. ತಾಟನ್ನು ಒರೆಸಿ ಬೋರಲು ಹಾಕಿದ. ಅಲ್ಲೇ ಕೂತಿದ್ದ ಸೇವಂತಿ, "ಅಜ್ಜಾ ನೀರ ಉಂಡ" ಎಂದಳು.

"ಅತ್ತಿ, ನೀವು ನೀಡಲಿಲ್ಲೇನ್ರಿ?" ಚಂದ್ರವ್ವನ ಬಾಯಿಂದ ಮೂರು ದಿನದ ಮೇಲೆ ಬಂದ ಮೊದಲ ಮಾತು ಅದು.

"ನಾ ಯಾಕ ನೀಡಲಿ? ಬಿಡು ಅಂದಾಕಿ ನೀನ."

"ಇಲ್ಲೇ ಕೂತು ನೋಡಾಕತ್ತಿದ್ದಿರಲ್ಲ! ಅರ್ಧ ತಾಸು!"

"ನೀ ಬಂದು ನೀಡತಿ ಅಂತ ನೋಡಾಕತ್ತಿದ್ದೆ. ಮಾವನ್ನ ಬದಕಸಾಕಿ ನೀನಲ್ಲ?"

ಸಿದ್ದರಾಮಪ್ಪ ಹೊರಗೆ ಬಂದ. ಇಬ್ಬರನ್ನೂ ನೋಡಲಿಲ್ಲ. ಅಕ್ಕಿಯ ಚೀಲ ಹೊತ್ತು ಮೆಟ್ಟಿಲು ಹತ್ತುತ್ತಿದ್ದ ಮಗಳಿಗೆ ಹೇಳಿದ:

"ಕಾಶೀ, ನನ್ನ ಎರಡು ಧೋತರ ಕಟ್ಟು. ದಹಿಸರಕ್ಕ ಹೋಗತೀನಿ, ಅಕ್ಕನ ಮನಿಗೆ."

"ಹೋಗ್ರಿ, ಹೋಗ್ರಿ" ಎಂದಳು ಬಸಲಿಂಗವ್ವ. "ಆ ಶರಣವ್ವನ ಕೈಯಾಗ ಉಂಡು ನೋಡ್ರಿ. ಉಪ್ಪ ಸೈತ ಎಣಿಸಿ ಹಾಕತಾಳ ಆಕಿ. ನಾಕ ದಿನದಾಗ ಓಡಿ ಬರದಿದ್ರ ನನ್ನ ಹೆಸರು ತಗೀರಿ."

ಅವನು ನಾಲ್ಕು ದಿನದಲ್ಲಿ ಬರಲಿಲ್ಲ.

ಸೋಮವಾರ ಬೆಳಗ್ಗೆ ಚಂದ್ರವ್ವ ಸೇವಂತಿಯನ್ನು ಸೊಂಟಕ್ಕೆ ಹಾಕಿಕೊಂಡು, ಹಿತ್ತಾಳೆ ಡಬ್ಬಿಯಲ್ಲಿ ಪಲ್ಯ ತುಂಬಿಕೊಂಡು ದಹಿಸರಿನ ಲೋಕಲ್ ಹತ್ತಿದಳು. ಶರಣವ್ವ ಸಿದ್ದರಾಮಪ್ಪನಿಗಿಂತ ಆರು ವರ್ಷ ದೊಡ್ಡವಳು, ವಿಧವೆ. ಮಗ ಕಿರಾಣಿ ಅಂಗಡಿ ಇಟ್ಟಿದ್ದ. ಅವನ ಹೆಂಡತಿ ಮದುವೆಯಾಗಿ ಎಂಟು ವರ್ಷವಾದರೂ ಆ ಮನೆಯ ಒಲೆ ಹಚ್ಚಿದವಳಲ್ಲ. ಶರಣವ್ವ ಹಚ್ಚಗೊಟ್ಟಿರಲಿಲ್ಲ.

"ಡಬ್ಬ್ಯಾಗ ಏನೈತಿ?" ಬಾಗಿಲಲ್ಲೇ ಕೇಳಿದಳು.

"ಮಾವಾರಿಗೆ ಪಲ್ಯಾರಿ. ಹಗುರಂದು."

"ಒಯ್ಯಿ ಹೊಳ್ಳಿ. ಅಲ್ಲಿ ಎರಡು ಕೈ ಕೂಡಿ ನನ್ನ ತಮ್ಮನ್ನ ಉಪಾಸ ಹಾಕಿದ್ರಿ. ಇಲ್ಲಿ ಒಂದ ಕೈ ನೀಡತೈತಿ."

"ಒಂದ ಕೈ ನೀಡಲಿ ಬಿಡ್ರಿ. ನನಗೂ ಅದ ಬೇಕು. ಹ್ಯಾಂಗ ಮಾಡೂದು ಅಂತ ತೋರಿಸಿ ಹೋಗತೀನಿ. ಇದಕ್ಕ ಎಣ್ಣಿ ಬೇಕಾಗಂಗಿಲ್ಲರಿ."

ಶರಣವ್ವ ಹುಬ್ಬು ಏರಿಸಿದಳು.

"ಹನಿನೂ?"

"ಹನಿನೂ ಬ್ಯಾಡ್ರಿ."

"ಬಟಾಟಿ?"

"ಅರ್ಧ ಸಾಕು."

ಶರಣವ್ವ ಬಾಗಿಲಿನಿಂದ ಸರಿದಳು. ಚಂದ್ರವ್ವ ಅವಳ ಒಲೆಯ ಮುಂದೆ ಕೂತು, ಸೋರೆಕಾಯಿ ಹೆರೆದು, ಹಬೆಗೆ ಇಟ್ಟು, ಬಟ್ಟೆಯಲ್ಲಿ ಹಿಂಡಿ ತೋರಿಸಿದಳು. ಹಿಂಡಿದ ನೀರನ್ನು ಚೆಲ್ಲಲು ಶರಣವ್ವ ಬಿಡಲಿಲ್ಲ. ಸಾರಿಗೆ ಬರುತ್ತದೆ ಎಂದು ಬೇರೆ ಪಾತ್ರೆಗೆ ಬಗ್ಗಿಸಿದಳು. ಬಟಾಟೆ ಬಿಸಿ ಇದ್ದಾಗಲೇ ಹಿಸುಕುವುದನ್ನು ತಾನೇ ಮಾಡಿದಳು, ಬೆರಳು ಸುಟ್ಟರೂ ಸದ್ದು ಮಾಡಲಿಲ್ಲ. ರುಚಿ ನೋಡಿದಳು.

"ತಿನ್ನಾಕ ಬರತೈತಿ. ತಿಳೀತು. ಇನ್ನ ನೀ ಬರಬ್ಯಾಡ."

"ವಾರಕ್ಕೊಮ್ಮೆ ಬಂದು ನೋಡತೀನ್ರಿ."

"ಬರಬ್ಯಾಡ ಅಂದೆ."

ಡಬ್ಬಿಯಲ್ಲಿದ್ದ ಪಲ್ಯವನ್ನು ಚಂದ್ರವ್ವ ಮತ್ತು ಸೇವಂತಿ ದಹಿಸರ್ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ತಿಂದರು.

ಶರಣವ್ವ ಹೊತ್ತಿಗೆ ಒಂದೂವರೆ ರೊಟ್ಟಿ, ಎರಡು ಸೌಟು ಪಲ್ಯ ನೀಡುತ್ತಿದ್ದಳು. ಹೆಚ್ಚು ನೀಡುವುದು ಅವಳ ಸ್ವಭಾವದಲ್ಲೇ ಇರಲಿಲ್ಲ. ಸಾಕು ಎನ್ನದ ಸಿದ್ದರಾಮಪ್ಪ ಬೇಕು ಎಂದೂ ಅನ್ನುವಂತಿರಲಿಲ್ಲ. ಪ್ರತಿ ಭಾನುವಾರ ಕಾಶವ್ವ ದಹಿಸರಿಗೆ ಹೋಗಿ, ಅಪ್ಪನನ್ನು ಬೋರಿವಲಿ ಸ್ಟೇಷನ್ನಿನ ಯಂತ್ರಕ್ಕೆ ಕರೆತಂದು ತೂಗಿಸಿ ಚೀಟಿ ತರುತ್ತಿದ್ದಳು. ನೂರಾ ಎಂಬತ್ತೊಂಬತ್ತು. ನೂರಾ ಎಂಬತ್ತೇಳು. ನೂರಾ ಎಂಬತ್ನಾಲ್ಕು. ಚಂದ್ರವ್ವ ಚೀಟಿಗಳನ್ನು ಸಕ್ಕರೆ ಡಬ್ಬಿಯ ಕೆಳಗೆ ಇಡುತ್ತಿದ್ದಳು. ಬಸಲಿಂಗವ್ವ ಪ್ರತಿ ಚೀಟಿಗೂ ಒಂದು ಸುತ್ತು ಅತ್ತು, ಒಂದು ಸುತ್ತು ಬೈದಳು.

"ಕರಗಿಸಿ ಕೊಲ್ಲಾಕತ್ತಾರ. ಕತ್ತರಿ ಹಚ್ಚಾಕ ಮೈಯಾಗ ರಗತರ ಬ್ಯಾಡೇನ?"

"ನಾಕ ದಿನಕ್ಕ ಬರತಾರ ಅಂದಿದ್ರಿ" ಎಂದಳು ಚಂದ್ರವ್ವ.

"ಬಾಯಿ ಬಂತಲ್ಲ ನಿನಗ!"

"ಮೊದಲಿಂದನೂ ಐತ್ರಿ."

ಜೂನ್ ಇಪ್ಪತ್ತರಂದು ಆಸ್ಪತ್ರೆಯ ತಕ್ಕಡಿ ನೂರಾ ಎಪ್ಪತ್ತೊಂಬತ್ತೂವರೆ ಪೌಂಡು ತೋರಿಸಿತು. ಇಪ್ಪತ್ತಮೂರನೆಯ ತಾರೀಖು, ಗುರುವಾರ, ಆಪರೇಷನ್ ಆಯಿತು. ಹೊಲಿಗೆ ನಿಂತಿತು. ಹದಿಮೂರು ದಿನದ ಮೇಲೆ, ಜುಲೈ ಆರರಂದು, ಸಿದ್ದರಾಮಪ್ಪ ಕಾಂದಿವಲಿಗೆ ಮರಳಿ ಬಂದ. ಅವನ ಹಿಂದೆ ಟಾಂಗಾದಿಂದ ಶರಣವ್ವ ಇಳಿದಳು. ಅವಳ ಹಿಂದೆ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ಒಂದು ರೊಟ್ಟಿ ಹಂಚು ಬಂದವು. ಟ್ರಂಕನ್ನು ಮೆಟ್ಟಿಲ ಮೇಲಕ್ಕೆ ಹೊತ್ತು ತಂದವಳು ಅವಳ ಸೊಸೆ. ಅದನ್ನು ಇಳಿಸಿ, ನೀರೂ ಕೇಳದೆ, ಅದೇ ಟಾಂಗಾದಲ್ಲಿ ಸ್ಟೇಷನ್ನಿಗೆ ಹೊರಟಳು.

ಸಿದ್ದರಾಮಪ್ಪ ಹಾಸಿಗೆಯ ಮೇಲೆ ಕೂತು ಎಲ್ಲರಿಗೂ ಒಂದೇ ಸಲ ಹೇಳಿದ:

"ಇನ್ನ ಮುಂದ ಒಲಿ ಅಕ್ಕಂದು. ನೀಡೂದೂ ಆಕಿನ. ಬ್ಯಾರೆ ಯಾರೂ ಸೌಟು ಹಿಡೀಬ್ಯಾಡ್ರಿ."

ಬಸಲಿಂಗವ್ವ ಬಾಯಿ ತೆರೆದಳು. ಶರಣವ್ವ ಆಗಲೇ ಒಳಗೆ ಹೋಗಿ ಎಣ್ಣೆಯ ಡಬ್ಬಿಯನ್ನು ಎತ್ತಿ ಮೇಲಿನ ಹಲಗೆಗೆ ಇಟ್ಟಿದ್ದಳು.

ಆ ಸಂಜೆ ದಾನಪ್ಪ ಆಫೀಸಿನಿಂದ ಬಂದು, ಕೋಟು ತೆಗೆಯುವ ಮೊದಲೇ ಹೆಂಡತಿಯನ್ನು ಕರೆದ.

"ಶುಕ್ರವಾರದ ಗಾಡಿಗೆ ಧಾರವಾಡದ ತಿಕೀಟು ತಂದೀನಿ. ನಿನಗ ಮತ್ತ ಸೇವಂತಿಗೆ."

"ಖೋಲಿ ಉಳೀತಲ್ರಿ!"

"ಖೋಲಿ ಉಳೀತು. ಜಾಗಾ ಎಲ್ಲೈತಿ? ಒಳಗ ಅಪ್ಪ ಮಲಗಬೇಕು. ಹೊರಗ ಶರಣವ್ವತ್ತಿ ಬಂದಾಳ, ಅವ್ವ, ಕಾಶಿ. ದಸರಾ ತನಕ ಇದ್ದು ಬಾ."

"ಮಾವಾರ ತೂಕ ಇಳಿಸಿದ್ದು ಯಾರು?"

"ನಾ" ಎಂದಳು ಶರಣವ್ವ ಒಲೆಯ ಮುಂದಿನಿಂದ.

"ನಿಮಗ ಕಲಿಸಿದ್ದು ಯಾರು?"

"ಬಟಾಟಿ ಹಿಚಕೂದು ಕಲಿಸಾಕ ಶಾಲಿ ಬೇಕೇನ?"

"ಕಳಸಪ್ಪಾ, ಕಳಸು" ಎಂದಳು ಬಸಲಿಂಗವ್ವ. "ಈ ಮನಿಗೆ ಈ ಗತಿ ಬಂದದ್ದ ಆಕಿ ಸೋರೆಕಾಯಿಂದ."

ಚಂದ್ರವ್ವ ಅವಳ ಕಡೆ ತಿರುಗಿದಳು.

"ಜಾಗಾ ಇಲ್ಲಂದ್ರ ನೀವು ಹೋಗ್ರಿ. ಇಂಡ್ಯಾಗ ಮನಿ ಐತಿ, ಹೊಲ ಐತಿ ಅಂತ ಗ್ಯಾಲರಿ ತುಂಬ ಹೇಳತಿದ್ರಿ."

"ನನ್ನ ಗಂಡನ್ನ ಇಕಿ ಕೈಯಾಗ ಬಿಟ್ಟು ಹೋಗಲಿ?" ಬಸಲಿಂಗವ್ವ ಶರಣವ್ವನ ಕಡೆ ಕೈ ತೋರಿಸಿದಳು. "ಸತ್ತರೂ ಹೋಗಂಗಿಲ್ಲ."

"ನನ್ನ ಗಂಡನ್ನ ನಿಮ್ಮೆಲ್ಲಾರ ಕೈಯಾಗ ಬಿಟ್ಟು ನಾನೂ ಹೋಗಂಗಿಲ್ಲ."

"ಏ, ಗಂಡಸು ನಾ ಹೇಳಾಕತ್ತೀನಿ!" ಎಂದು ದಾನಪ್ಪ ಕೂಗಿದ.

"ಕೇಳಿಸೇತ್ರಿ. ತಿಕೀಟು ನಿಮ್ಮ ಕೈಯಾಗ ಐತಿ. ನೀವ ಹೋಗಿ ಬರ್ರಿ. ನಮ್ಮಪ್ಪ ಚಲೋ ನೋಡಕೋತಾನ."

ಕಾಶವ್ವ ಪುಸ್ತಕದ ಹಿಂದೆ ನಕ್ಕದ್ದಕ್ಕೆ ಅವ್ವನ ಕೈಯಿಂದ ಬೆನ್ನಿಗೆ ಒಂದು ಬಿತ್ತು. ಎಲ್ಲರೂ ಸಿದ್ದರಾಮಪ್ಪನ ಕಡೆ ನೋಡಿದರು. ಅವನು ದಿಂಬನ್ನು ಸರಿಪಡಿಸಿಕೊಂಡ.

"ಹೋಗು ಅಂತ ನಾ ಯಾರಿಗೂ ಹೇಳಂಗಿಲ್ಲ. ಇರು ಅಂತನೂ ಹೇಳಂಗಿಲ್ಲ" ಎಂದು ಗೋಡೆಯ ಕಡೆ ಹೊರಳಿದ.

ಶುಕ್ರವಾರ ದಾನಪ್ಪ ಅರ್ಧ ದಿನದ ರಜೆ ಹಾಕಿ ಮೂರು ಗಂಟೆಗೆ ಬಂದ. ಟ್ರಂಕು ಕಟ್ಟಿರಲಿಲ್ಲ. ಚಂದ್ರವ್ವ ಮಳೆಯಲ್ಲಿ ತೋಯುತ್ತ ಕೆಳಗಿನ ನಳದ ಹತ್ತಿರ ಪಾತ್ರೆ ತಿಕ್ಕುತ್ತಿದ್ದಳು. ಅವನು ಮೇಲಿನಿಂದ ಕೂಗಿದ, ಆಮೇಲೆ ಕೆಳಗೆ ಬಂದು ಕೂಗಿದ. ಅವಳು ಬೂದಿ ಹಚ್ಚಿದ ಕೈಯನ್ನು ತೊಳೆಯಲೂ ಇಲ್ಲ, ಏಳಲೂ ಇಲ್ಲ. ನಳಕ್ಕೆ ಪಾಳಿ ಹಚ್ಚಿದ್ದ ಏಳೆಂಟು ಹೆಂಗಸರು ಕೊಡ ಹಿಡಿದು ನೋಡುತ್ತ ನಿಂತರು. ಅವರಲ್ಲಿ ಶೀಲಾವತಿಯೂ ಇದ್ದಳು.

"ಗಾಡಿ ಹೋಗತೈತಿ!"

"ಹೋಗಲಿ ಬಿಡ್ರಿ."

ಗಾಡಿ ಹೋಯಿತು. ಆಗಸ್ಟ್ ಒಂದು, ಸೋಮವಾರ, ಸಿದ್ದರಾಮಪ್ಪ ಸರ್ಟಿಫಿಕೇಟಿನೊಂದಿಗೆ ಕೆಲಸಕ್ಕೆ ಹಾಜರಾದ. ಖೋಲಿ ಬಿಟ್ಟು ಊರಿಗೆ ಯಾರೂ ಹೋಗಲಿಲ್ಲ. ಒಳಗೆ ಜಾಗ ಸಾಲದೆ ದಾನಪ್ಪ ಆ ಮಳೆಗಾಲವಿಡೀ ಗ್ಯಾಲರಿಯಲ್ಲಿ ತಾಡಪತ್ರಿ ಕಟ್ಟಿಕೊಂಡು ಮಲಗಿದ.